ಲೋಹದ ಸೂಕ್ಷ್ಮಕಣಗಳೂ ರಾಮನ್ ಬೆಳಕೂ

ಆಭರಣದಲ್ಲಿ ಹಳದಿಯಾಗಿರುವ ಚಿನ್ನವು ನೀರಿನಲ್ಲಿ ಅತಿಸೂಕ್ಷ್ಮ ಕಣಗಳಾಗಿ ಹರಡಿದಾಗ ಮಾಣಿಕ್ಯದಂತೆ ಕೆಂಪಾಗಿ ತೋರುವುದು. ದ್ರವ್ಯವು ಬೇರೆಯಾಗಿಲ್ಲ, ಪರಿಮಾಣವೊಂದೇ ಬೇರೆ. 1857ರಲ್ಲಿ ಮೈಕೆಲ್ ಫ್ಯಾರಡೆಯು ಈ ಕೆಂಪಿಗೆ ಕಣಗಳ ಸೂಕ್ಷ್ಮತೆಯೇ ಕಾರಣವೆಂದು ಪ್ರತಿಪಾದಿಸಿದನು. ಇವುಗಳ ಅಳತೆಗೆ ನ್ಯಾನೋಮೀಟರೆಂದು ಹೆಸರು; ಅದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಲೋಹದಲ್ಲಿ ಸ್ವೇಚ್ಛೆಯಾಗಿ ಚಲಿಸುವ ಎಲೆಕ್ಟ್ರಾನುಗಳು ಇಂಥ ಕಿರಿಯ ಕಣದಲ್ಲಿ ಸೆರೆಯಾಗಿ, ತಕ್ಕ ಬಣ್ಣದ ಬೆಳಕು ಬಿದ್ದೊಡನೆ ಒಟ್ಟಾಗಿ ತೂಗಾಡುತ್ತವೆ. ಚಿನ್ನದ ಕಣವು ಹೀಗೆ ಹಸುರನ್ನು ಹೀರುವುದರಿಂದ ಕೆಂಪು ಉಳಿಯುವುದು.

ನಮ್ಮ ರಸಶಾಸ್ತ್ರದ ಸ್ವರ್ಣಭಸ್ಮವೂ ಇದೇ ಎಂದು ಕೆಲವರು ಹೇಳುವುದುಂಟು. ಭಸ್ಮಕ್ಕೆ ವಾರಿತರ, ರೇಖಾಪೂರ್ಣ ಎಂಬ ಪರೀಕ್ಷೆಗಳು ವಿಹಿತವಾಗಿವೆ: ನೀರಿನ ಮೇಲೆ ತೇಲಬೇಕು, ಬೆರಳಿನ ಗೆರೆಗಳಲ್ಲಿ ತುಂಬಬೇಕು. ಇವು ನುಣುಪನ್ನು ತಿಳಿಸುತ್ತವೆ, ಅಷ್ಟೆ. ನ್ಯಾನೋಮೀಟರಿಗಿಂತ ಸಾವಿರಾರು ಪಾಲು ದೊಡ್ಡದಾದ ಪುಡಿಯೂ ಬೆರಳಿನ ಗೆರೆಯಲ್ಲಿ ಹುದುಗಬಲ್ಲದು. ಹೇಳದ ಮಾತನ್ನು ಪೂರ್ವಿಕರ ಬಾಯಲ್ಲಿ ಇಡುವುದು ಅವರಿಗೆ ಗೌರವವೆನಿಸಲಾರದು.

ಇನ್ನು ಬೆಳಕಿನ ವಿಚಾರ. 1928ನೆಯ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು, ಕೆ. ಎಸ್. ಕೃಷ್ಣನ್ನರ ಸಹಾಯದಿಂದ, ಅಣುವಿನಿಂದ ಚದರಿದ ಬೆಳಕಿನ ಒಂದಂಶವು ಬಣ್ಣ ಬದಲಿಸುವುದೆಂದು ಕಂಡುಹಿಡಿದರು. ಪ್ರತಿಯೊಂದು ಅಣುವಿನ ಕಂಪನವೂ ತನ್ನದೇ ಆದ ಗೆರೆಗಳನ್ನು ಮೂಡಿಸುವುದರಿಂದ ಇದು ಅಣುವಿನ ಮುದ್ರೆಯಿದ್ದಂತೆ. ಆದರೆ ಬಲು ಕ್ಷೀಣ. ಬಿದ್ದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಪಾಲು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ನರು 1970ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಕಂಡ ಬೆಳಕಿಗೆ ಬಲ ಬಂದುದು ಆಮೇಲೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ, ಒರಟುಗೊಳಿಸಿದ ಬೆಳ್ಳಿಗೆ ಅಂಟಿದ ಪಿರಿಡೀನಿನ ಗೆರೆಗಳು ಅತ್ಯಂತ ಪ್ರಬಲವಾಗಿ ಕಂಡವು. ಈ ವೃದ್ಧಿಯು ಲಕ್ಷಗಟ್ಟಲೆ ಮಡಿಯೆಂದೂ, ಬೆಳ್ಳಿಯ ಮೈ ಹಿಗ್ಗಿದ ಮಾತ್ರಕ್ಕೆ ಆದುದಲ್ಲವೆಂದೂ 1977ರಲ್ಲಿ ಎರಡು ತಂಡಗಳು ತೋರಿಸಿದವು. ಮೇಲೆ ಹೇಳಿದ ಎಲೆಕ್ಟ್ರಾನುಗಳ ತೂಗಾಟವೇ ಲೋಹದ ಮೈಯಲ್ಲಿ ಬೆಳಕಿನ ಬಲವನ್ನು ಒಟ್ಟುಗೂಡಿಸುವುದು; ಎರಡು ಕಣಗಳ ನಡುವಣ ಸಂದಿನಲ್ಲಂತೂ ಅದು ಅತಿಶಯ.

ನೀರಿನ ರಾಮನ್ ಗೆರೆಗಳು ದುರ್ಬಲವಾದುದರಿಂದ ಈ ವಿಧಾನವು ಜೀವದ್ರವ್ಯಗಳಿಗೆ ಚೆನ್ನಾಗಿ ಒಗ್ಗುವುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಚಂದ್ರಭಾಸ ನಾರಾಯಣ, ತಪಸ್ ಕುಂಡು ಮೊದಲಾದವರು ಪಿ-300 ಎಂಬ ಪ್ರೋಟೀನನ್ನು ಹೀಗೆ ಪರೀಕ್ಷಿಸಿದರು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನುಗಳಿಗೆ ಅಸಿಟೈಲ್ ಗುಂಪನ್ನು ಅಂಟಿಸುವುದು ಅದರ ಕೆಲಸ. ಜೀನುಗಳ ವ್ಯಾಪಾರಕ್ಕೆ ಇದು ಮುಖ್ಯ. ಅದು ತನಗೆ ತಾನೇ ಆ ಗುಂಪನ್ನು ಅಂಟಿಸಿಕೊಂಡಾಗ ರಚನೆಯು ಬದಲಾಗುವುದೆಂದು 2007ರಲ್ಲಿ ಗೆರೆಗಳಿಂದ ನಿರ್ಧರಿಸಿದರು. ಔಷಧದ ಅಣುವು ಪ್ರೋಟೀನಿನ ಯಾವ ಭಾಗವನ್ನು ಹಿಡಿಯುವುದೆಂಬುದಕ್ಕೂ ಇದೇ ದಾರಿ.

ತೊಡಕುಗಳೂ ಉಂಟು. ಲೋಹಕ್ಕೆ ಹತ್ತಿರವಾದ ಭಾಗವೇ ಪ್ರಬಲವಾಗಿ ಕಾಣುವುದರಿಂದ, ಪ್ರೋಟೀನು ಮಗ್ಗುಲು ಬದಲಿಸಿದರೂ ಗೆರೆಗಳು ಬದಲಾಗುತ್ತವೆ. ಅದನ್ನು ರಚನೆಯ ಬದಲಾವಣೆಯೆಂದು ಭ್ರಮಿಸಬಾರದು. ಗಾಜಿನ ಪಾತ್ರೆಯ ಪರೀಕ್ಷೆಗೂ ರೋಗಿಯ ದೇಹಕ್ಕೂ ಅಂತರವಿದೆ. ರಕ್ತಕ್ಕೆ ಸೇರಿಸಿದ ಚಿನ್ನದ ಕಣಗಳು ಬಹುಪಾಲು ಯಕೃತ್ತು, ಪ್ಲೀಹಗಳಲ್ಲಿ ಸಂಚಯವಾಗಿ ದೀರ್ಘಕಾಲ ಉಳಿಯುತ್ತವೆ.