ಮಾಯದ ಗಾಯಕ್ಕೆ ನ್ಯಾನೋ ಪಟ್ಟಿ

ಮಾಯದೆ ಉಳಿದ ಹಳೇ ಗಾಯಕ್ಕೆ ಉರ್ದುವಿನಲ್ಲಿ ನಾಸೂರ್ ಅಂತೀವಿ. ಶುಗರ್ ಇರುವವರ ಕಾಲಿನ ಹುಣ್ಣು ಇಂಥ ನಾಸೂರ್ ಆಗುವುದು ಯಾಕೆ ಗೊತ್ತೇ? ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಕೆಡುತ್ತವೆ. ಮೊಳೆ ಚುಚ್ಚಿದರೂ ನೋವು ಗೊತ್ತಾಗುವುದಿಲ್ಲ. ರಕ್ತನಾಳಗಳು ಕಿರಿದಾಗಿ ಗಾಯಕ್ಕೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ಬಿಳಿ ರಕ್ತಕಣಗಳ ಶಕ್ತಿ ಕುಂದಿದಾಗ ಬ್ಯಾಕ್ಟೀರಿಯಾಗಳು ಅಂಟಿನಂಥ ಪೊರೆ ಕಟ್ಟಿಕೊಂಡು ಅಲ್ಲೇ ಬೀಡುಬಿಡುತ್ತವೆ. ಇದೇ ಬಯೋಫಿಲ್ಮ್. ಆ್ಯಂಟಿಬಯಾಟಿಕ್ ಔಷಧಿಗೂ ಇದು ಸುಲಭವಾಗಿ ಬಗ್ಗುವುದಿಲ್ಲ.

ಇಲ್ಲಿ ನ್ಯಾನೋ ತಂತ್ರಜ್ಞಾನ ಏನು ಮಾಡಬಲ್ಲದು? ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್! ಕಲ್ಲುಸಕ್ಕರೆಗಿಂತ ಪುಡಿ ಸಕ್ಕರೆ ಬೇಗ ಕರಗುತ್ತದೆ ಅಲ್ವಾ? ಪುಡಿಯಾದಷ್ಟೂ ನೀರಿಗೆ ತಾಕುವ ಮೈ ಹೆಚ್ಚುತ್ತದೆ. ಬೆಳ್ಳಿಯೂ ಹಾಗೆಯೇ. ನ್ಯಾನೋ ಕಣವಾದಾಗ ಅದರಿಂದ ಅಯಾನುಗಳು ಹೆಚ್ಚಾಗಿ ಬಿಡುಗಡೆಯಾಗಿ ಬ್ಯಾಕ್ಟೀರಿಯಾದ ಹೊರಪದರವನ್ನು ಹಾಳುಮಾಡುತ್ತವೆ. ಇಂಥ ಬೆಳ್ಳಿಯ ಪಟ್ಟಿಗಳು 1990ರ ದಶಕದ ಕೊನೆಯಿಂದಲೇ ಬಳಕೆಯಲ್ಲಿವೆ.

ಇನ್ನೊಂದು ದಾರಿ ನ್ಯಾನೋ ನಾರು. ಪಾಲಿಮರ್ ದ್ರಾವಣವನ್ನು ಹೆಚ್ಚಿನ ವಿದ್ಯುತ್ ಒತ್ತಡದಲ್ಲಿ ಎಳೆದರೆ ಬಲು ಸಣ್ಣ ಎಳೆಗಳ ಹಾಸು ಸಿಗುತ್ತದೆ. ಅದು ಚರ್ಮದೊಳಗಿನ ನಾರಿನ ಜಾಲವನ್ನೇ ಹೋಲುತ್ತದೆ. ಹೊಸ ಕೋಶಗಳು ಅದನ್ನು ಹಿಡಿದು ಬೆಳೆಯುತ್ತವೆ. ಔಷಧಿಯನ್ನು ಒಳಗಿಟ್ಟುಕೊಂಡು ನಿಧಾನವಾಗಿ ಬಿಡುವ ಕಣಗಳೂ ಇವೆ. ಇವುಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗಾಲಯದಲ್ಲಿ, ಇಲಿಗಳ ಮೇಲಿನ ಪರೀಕ್ಷೆಯಲ್ಲಿವೆ.

ಈಗ ಒಂದು ಮಾತು ಗಮನವಿಟ್ಟು ಓದಿ. "ನ್ಯಾನೋ ಸಿಲ್ವರ್" ಅಂತ ಬರೆದದ್ದನ್ನು ಕಂಡ ಕೂಡಲೇ ಅಂಗಡಿಯಿಂದ ತಂದು ಕಟ್ಟಿಕೊಳ್ಳಬೇಡಿ. ಗಾಯ ಮಾಯಲಿ ಅಂತಷ್ಟೇ ಬೆಳ್ಳಿಯಂಥ ಬ್ಯಾಕ್ಟೀರಿಯಾ ನಾಶಕ ಪಟ್ಟಿ ಬಳಸಬೇಡಿ ಎಂದು ಮಧುಮೇಹಿಗಳ ಪಾದದ ಬಗ್ಗೆ 2023ರಲ್ಲಿ ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಯಾಕಂದರೆ ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ಗಾಯ ಕೂಡುವುದಿಲ್ಲ. ಸತ್ತ ಅಂಗಾಂಶವನ್ನು ಡಾಕ್ಟರು ಕತ್ತರಿಸಿ ತೆಗೆಯಬೇಕು, ಗಾಯದ ಮೇಲೆ ಮೈಭಾರ ಬೀಳದಂತೆ ನೋಡಿಕೊಳ್ಳಬೇಕು, ರಕ್ತ ಓಡಾಡಬೇಕು, ಶುಗರ್ ಹತೋಟಿಯಲ್ಲಿರಬೇಕು. ಇವಿಲ್ಲದೆ ಎಷ್ಟು ದುಬಾರಿ ಪಟ್ಟಿ ಕಟ್ಟಿದರೂ ವ್ಯರ್ಥ. ತಡವಾದರೆ ಕಾಲೇ ಹೋಗಬಹುದು.

ಹಾಗಾಗಿ ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ, ಸ್ನಾನಕ್ಕೋ ವಜೂಗೋ ಅವರು ಕಾಲು ತೊಳೆದ ಮೇಲೆ ಬೆರಳುಗಳ ಸಂದಿ ಒರೆಸಿ, ಅಂಗಾಲನ್ನೂ ಒಮ್ಮೆ ನೋಡಿ. ಅವರಿಗೆ ನೋವಾಗದಿರಬಹುದು, ನಿಮ್ಮ ಕಣ್ಣಿಗೆ ಗಾಯ ಕಾಣುತ್ತದೆ. ಕಂಡ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.