ಸೊನ್ನೆಯೇ, ಖಾಲಿಯೇ? ಮಳೆಯ ದತ್ತಾಂಶ ವರದಿಯಾಗುವ ಬಗೆ

ಹೊನ್ನಾವರದಿಂದ ಕುಮಟಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಳದೀಪುರ ಸಿಗುತ್ತದೆ. ಅಲ್ಲಿ ಕಳೆದ ಜುಲೈನಲ್ಲಿ ಎಷ್ಟು ಮಳೆ ಬಿತ್ತು? ಪ್ರಶ್ನೆ ಸರಳ, ಉತ್ತರವೂ ಒಂದೇ ಸಂಖ್ಯೆ. ಆದರೆ ಆ ಒಂದು ಸಂಖ್ಯೆ ಸಾವಿರಾರು ಓದುಗಳನ್ನು ಕೂಡಿ, ಬೇರ್ಪಡಿಸಿ, ಕೆಲವನ್ನು ಬಿಟ್ಟು ಬಂದದ್ದು. ಏನನ್ನು ಕೂಡಿದ್ದೇವೆ, ಏನನ್ನು ಬಿಟ್ಟಿದ್ದೇವೆ ಎಂಬುದು ತಿಳಿಯದಿದ್ದರೆ ಗಣಕದ ಪರದೆಯ ಮೇಲೆ ಎಷ್ಟೇ ಅಂದವಾದ ನಕ್ಷೆ ಮೂಡಿದರೂ ಅದನ್ನು ನಂಬುವಂತಿಲ್ಲ.

ಬರಗಾಲದ ಮೇಲೆ ನಿಗಾ ಇಡಲು ಕರ್ನಾಟಕ ಸರ್ಕಾರ 1988ರಲ್ಲಿ ಒಂದು ಘಟಕವನ್ನು ಆರಂಭಿಸಿತು. ಅದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಈ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನು ಸ್ಥಾಪಿಸಿದೆ. ಹದಿನೈದು ನಿಮಿಷಕ್ಕೊಂದು ಓದು ಎಂದರೆ ಒಂದು ಮಾಪಕದಿಂದ ದಿನಕ್ಕೆ 96, ವರ್ಷಕ್ಕೆ 35,040 ಓದುಗಳು. ಆರು ಸಾವಿರ ಮಾಪಕಗಳಿಂದ ವರ್ಷಕ್ಕೆ ಸುಮಾರು 21 ಕೋಟಿ! ಇಷ್ಟನ್ನು ಕಾಗದದ ಮೇಲೆ ಕೂಡುವವರು ಯಾರು? ಇಲ್ಲಿಯೇ ದತ್ತಸಂಚಯವೂ ಅದರಿಂದ ವರದಿ ತೆಗೆಯುವ ತಂತ್ರಾಂಶವೂ ಬೇಕಾಗುತ್ತವೆ.

ಈ ಸಂಖ್ಯೆಗಳಿಗೆ ಬೆಲೆ ಇದೆ. 2016ರಲ್ಲಿ ಪುನರ್ರಚನೆಗೊಂಡ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಲ್ಲಿ ಉತ್ತರ ಕನ್ನಡದ ಅಡಿಕೆ ಮತ್ತು ಕಾಳುಮೆಣಸು ಬೆಳೆಗಾರರು ವಿಮೆ ಮಾಡಿಸುತ್ತಾರೆ. ಈ ಬಗೆಯ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ಗೊತ್ತುಪಡಿಸಿದ ಮಾಪಕದ ದಾಖಲೆಯನ್ನು ನೋಡಿ ಪರಿಹಾರ ಲೆಕ್ಕಹಾಕುತ್ತಾರೆ. ಎಡೆಬಿಡದ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ತಗಲುತ್ತದೆ. ಆ ಮಳೆ ದಾಖಲೆಯಲ್ಲಿ ಕಾಣದಿದ್ದರೆ ಲೆಕ್ಕದ ಮಟ್ಟಿಗೆ ಮಳೆಯೇ ಬಂದಿಲ್ಲ.

ಕೋಷ್ಟಕದಿಂದ ಪ್ರಶ್ನೆಗೆ

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ದತ್ತಾಂಶವನ್ನು ಪರಸ್ಪರ ಸಂಬಂಧವಿರುವ ಕೋಷ್ಟಕಗಳಲ್ಲಿ ಇಡಬೇಕು, ಬಳಸುವವರು ಅದು ಡಿಸ್ಕಿನಲ್ಲಿ ಎಲ್ಲಿದೆ ಎಂದು ತಲೆ ಕೆಡಿಸಿಕೊಳ್ಳಬಾರದು ಎಂಬುದು ಅವರ ವಿಚಾರ. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇಂಥ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ಮುಂದಿಟ್ಟರು. ಇಂದಿನ ಎಸ್‌ಕ್ಯೂಎಲ್ ಹುಟ್ಟಿದ್ದು ಅದರಿಂದ. ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ಹೆಸರು ಇನ್ನೂ ಹಳೆಯದು. 1958ರಲ್ಲಿ ಹಾನ್ಸ್ ಪೀಟರ್ ಲೂನ್ ತಮ್ಮ ಪ್ರಬಂಧಕ್ಕೆ ಈ ಹೆಸರನ್ನೇ ಕೊಟ್ಟಿದ್ದರು. ಹೆಸರಿನಲ್ಲಿ ವ್ಯಾಪಾರವಿದ್ದರೂ ಮಾಡುವ ಕೆಲಸ ಎಲ್ಲ ಕಡೆಯೂ ಒಂದೇ: ಸಂಗ್ರಹವಾದ ದಾಖಲೆಗಳನ್ನು ಗುಂಪು ಮಾಡಿ, ಕೂಡಿ, ಹೋಲಿಸಿ, ನಿರ್ಧಾರ ಕೈಗೊಳ್ಳುವವರ ಮುಂದೆ ಇಡುವುದು.

ನಮ್ಮ ಮಳೆಯ ಲೆಕ್ಕಕ್ಕೆ ಮೂರು ಕೋಷ್ಟಕಗಳು ಸಾಕು. ಮೊದಲನೆಯದು ಓದುಗಳ ಕೋಷ್ಟಕ. ಇದರಲ್ಲಿ ಕೇಂದ್ರದ ಸಂಕೇತ, ಸಮಯ ಮತ್ತು ಮಿಲಿಮೀಟರಿನಲ್ಲಿ ಮಳೆ ಎಂಬ ಮೂರೇ ಕಂಬಸಾಲುಗಳು. ಎರಡನೆಯದು ಕೇಂದ್ರಗಳ ಕೋಷ್ಟಕ: ಸಂಕೇತ, ಊರು, ತಾಲ್ಲೂಕು, ಅಕ್ಷಾಂಶ, ರೇಖಾಂಶ, ಎತ್ತರ. ಮೂರನೆಯದು ದಿನಗಳ ಪಂಚಾಂಗ. ಇದರಲ್ಲಿ ವರ್ಷದ ಪ್ರತಿ ದಿನಕ್ಕೂ ಒಂದು ಅಡ್ಡಸಾಲು ಇರುತ್ತದೆ. ಇದೇಕೆ ಬೇಕೆಂಬುದನ್ನು ಮುಂದೆ ನೋಡೋಣ.

ಓದುಗಳ ಕೋಷ್ಟಕದಲ್ಲಿ ಊರಿನ ಹೆಸರನ್ನೇ ಬರೆದರೆ ಆಗದೇ ಎಂದು ನೀವು ಕೇಳಬಹುದು. ಒಬ್ಬರು ‘ಹಳದೀಪುರ’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಹಳದಿಪುರ’, ಮತ್ತೊಬ್ಬರು ‘ಹಲ್ದೀಪುರ’ ಎನ್ನುತ್ತಾರೆ. ಊರು ಒಂದೇ ಎಂದು ನಮಗೆ ಗೊತ್ತು, ಗಣಕಕ್ಕೆ ಗೊತ್ತಿಲ್ಲ. ಅದು ಮಳೆಯನ್ನು ಮೂರು ಊರುಗಳಿಗೆ ಹಂಚಿ ಮೂರು ಸಾಲುಗಳ ವರದಿ ಕೊಡುತ್ತದೆ. ಆದ್ದರಿಂದಲೇ ಪ್ರತಿ ಕೇಂದ್ರಕ್ಕೂ ಬದಲಾಗದ ಒಂದು ಸಂಕೇತ ಬೇಕು. ಹೆಸರು ಒಂದೇ ಕಡೆ, ಕೇಂದ್ರಗಳ ಕೋಷ್ಟಕದಲ್ಲಿ ಮಾತ್ರ ಇರಬೇಕು.

ತಂತ್ರಾಂಶದ ಅಳವಡಿಕೆ

ವರದಿ ತಂತ್ರಾಂಶಗಳು ಹಲವಾರಿವೆ. ಕ್ರಿಸ್ಟಲ್ ರಿಪೋರ್ಟ್ಸ್, ಟ್ಯಾಬ್ಲೋ, ಪವರ್ ಬಿಐ ವಾಣಿಜ್ಯ ತಂತ್ರಾಂಶಗಳು. ಬರ್ಟ್, ಅಪಾಚೆ ಸೂಪರ್‌ಸೆಟ್ ಮುಕ್ತ ತಂತ್ರಾಂಶಗಳು. ಮೆಟಾಬೇಸ್‌ನ ಮುಕ್ತ ಆವೃತ್ತಿಯೂ ಉಚಿತ. ಶಾಲಾ ಕಾಲೇಜುಗಳ ಪ್ರಯೋಗಾಲಯಕ್ಕೆ ಪೋಸ್ಟ್‌ಗ್ರೆಸ್ ದತ್ತಸಂಚಯ ಮತ್ತು ಮೆಟಾಬೇಸ್ ಜೋಡಿ ಸಾಕು.

ಕ್ರಮ ಹೀಗಿದೆ. ಮೊದಲು ಪೋಸ್ಟ್‌ಗ್ರೆಸ್ ಅಳವಡಿಸಿ ಮೂರು ಕೋಷ್ಟಕಗಳನ್ನು ರಚಿಸಿ, ಓದುಗಳನ್ನು ತುಂಬಿ. ಅನಂತರ ದತ್ತಸಂಚಯದಲ್ಲಿ ವರದಿಗೆಂದೇ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, ಓದುವ ಹಕ್ಕನ್ನಷ್ಟೇ ಕೊಡಿ. ಹಾಗೆ ಮಾಡಿದರೆ ವರದಿ ನೋಡುವವರ ಕೈತಪ್ಪಿನಿಂದ ಮೂಲ ದಾಖಲೆ ಅಳಿಯುವ ಭಯವಿಲ್ಲ. ಮೆಟಾಬೇಸ್ ಒಂದೇ ಕಡತವಾಗಿ ದೊರೆಯುತ್ತದೆ. ಗಣಕದಲ್ಲಿ ಜಾವಾ ಇದ್ದರೆ ಅದು ಓಡುತ್ತದೆ. ಅದೇ ಗಣಕದ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ವಿಳಾಸದ 3000ನೇ ಪೋರ್ಟನ್ನು ತೆರೆದರೆ ಆರಂಭದ ಪುಟ ಬರುತ್ತದೆ. ಅಲ್ಲಿ ನಿರ್ವಾಹಕರ ಖಾತೆ ತೆರೆದು, ದತ್ತಸಂಚಯದ ಹೆಸರು ಮತ್ತು ಓದುವ ಬಳಕೆದಾರನ ಗುಪ್ತಪದ ಕೊಟ್ಟರೆ ಸಂಪರ್ಕ ಸಿದ್ಧ.

ಒಂದು ಎಚ್ಚರಿಕೆ. ನೀವು ರಚಿಸಿದ ಪ್ರಶ್ನೆಗಳನ್ನೂ ನಕ್ಷೆಗಳನ್ನೂ ಮೆಟಾಬೇಸ್ ತನ್ನದೇ ಚಿಕ್ಕ ದತ್ತಸಂಚಯದಲ್ಲಿ ಇಟ್ಟುಕೊಳ್ಳುತ್ತದೆ. ಮೊದಲಿಗೆ ಇದು ತಂತ್ರಾಂಶದ ಜೊತೆಗೇ ಇರುವ ಕಡತದಲ್ಲಿರುತ್ತದೆ. ಅಭ್ಯಾಸಕ್ಕೆ ಅದು ಸಾಕು, ವರ್ಷಗಟ್ಟಲೆ ನಡೆಯುವ ಕೆಲಸಕ್ಕೆ ಸಾಲದು. ಆಗ ಇದನ್ನೂ ಪೋಸ್ಟ್‌ಗ್ರೆಸ್‌ನಲ್ಲಿಯೇ ಇಟ್ಟು, ಆಗಾಗ ಪ್ರತಿ ತೆಗೆದಿಡಬೇಕು.

ಇನ್ನು ಮೌಸ್ ಒತ್ತುತ್ತಾ ಹೋದರೆ ಕೋಷ್ಟಕ ಆರಿಸಬಹುದು, ತಾಲ್ಲೂಕಿನ ಪ್ರಕಾರ ಗುಂಪು ಮಾಡಬಹುದು, ಮೊತ್ತವನ್ನು ಸ್ತಂಭ ನಕ್ಷೆಯಾಗಿ ಬರೆಯಬಹುದು. ಹಲವು ನಕ್ಷೆಗಳನ್ನು ಒಂದೇ ಫಲಕದಲ್ಲಿ ಜೋಡಿಸಿದರೆ ಅದೇ ಡ್ಯಾಶ್‌ಬೋರ್ಡ್. ಅರ್ಧ ದಿನದಲ್ಲಿ ಇಷ್ಟನ್ನೂ ಕಲಿಯಬಹುದು. ಆದರೆ ನಿಜವಾದ ಕೆಲಸ ಇಲ್ಲಿಂದ ಶುರು.

ದಿನ ಎಂದರೆ ಯಾವುದು?

ಗಣಕದ ದಿನ ಮಧ್ಯರಾತ್ರಿಗೆ ಬದಲಾಗುತ್ತದೆ. ಮಳೆಯ ದಿನ ಹಾಗಲ್ಲ. ನಮ್ಮ ದೇಶದಲ್ಲಿ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಈ ದಿನ ಬೆಳಿಗ್ಗೆ 8.30ರವರೆಗೆ ಬಿದ್ದ ಮಳೆಯನ್ನು ಈ ದಿನದ ತಾರೀಖಿನಲ್ಲಿ ಬರೆಯುತ್ತಾರೆ. ನಮ್ಮ 8.30 ಎಂದರೆ ಸಾರ್ವತ್ರಿಕ ಸಮಯದ 3 ಗಂಟೆ. ಜಗತ್ತಿನ ಹವಾಮಾನ ಕೇಂದ್ರಗಳು ಏಕಕಾಲಕ್ಕೆ ವೀಕ್ಷಣೆ ನಡೆಸುವ ಹೊತ್ತುಗಳಲ್ಲಿ ಅದೂ ಒಂದು.

ಇದರಿಂದ ಏನು ವ್ಯತ್ಯಾಸ? ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗೆ 120 ಮಿ.ಮೀ. ಮಳೆ ಸುರಿಯಿತು, ಅದರಲ್ಲಿ 40 ಮಿ.ಮೀ. ಮಧ್ಯರಾತ್ರಿಗೆ ಮೊದಲು ಬಿತ್ತು ಎನ್ನೋಣ. ತಾರೀಖಿನ ಪ್ರಕಾರ ಗುಂಪು ಮಾಡಿದರೆ ವರದಿಯಲ್ಲಿ ಒಂದು ದಿನ 40, ಮರುದಿನ 80 ಎಂದು ಬರುತ್ತದೆ. ಹವಾಮಾನ ಇಲಾಖೆಯ ವರ್ಗೀಕರಣದಂತೆ 64.5ರಿಂದ 115.5 ಮಿ.ಮೀ. ವರೆಗೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ. ಮಳೆದಿನದ ಪ್ರಕಾರ ಇದು ಅತಿ ಭಾರಿ ಮಳೆ. ಗಣಕದ ದಿನದ ಪ್ರಕಾರ ಎರಡನೆಯ ದಿನ ಮಾತ್ರ ಭಾರಿ, ಮೊದಲನೆಯ ದಿನ ಅದೂ ಇಲ್ಲ. ಬಿದ್ದ ನೀರು ಅಷ್ಟೇ, ವರದಿ ಮಾತ್ರ ಬೇರೆ!

ಪರಿಹಾರ ಸುಲಭ. ಓದುಗಳ ಕೋಷ್ಟಕಕ್ಕೆ ‘ಮಳೆದಿನ’ ಎಂಬ ಕಂಬಸಾಲನ್ನು ಸೇರಿಸಿ. 8.30ರವರೆಗಿನ ಓದು ಅದೇ ತಾರೀಖಿಗೆ, ಅನಂತರದ್ದು ಮರುದಿನದ ತಾರೀಖಿಗೆ ಸೇರಲಿ. ಗುಂಪು ಮಾಡುವುದು ಈ ಕಂಬಸಾಲಿನಿಂದ. ತಂತ್ರಾಂಶದ ಕಾಲವಲಯವನ್ನು ಭಾರತದ್ದಕ್ಕೆ ಹೊಂದಿಸುವುದನ್ನೂ ಮರೆಯಬೇಡಿ.

ಸೊನ್ನೆ ಮತ್ತು ಖಾಲಿ

ಮಳೆ ಬರಲಿಲ್ಲ ಎಂಬುದು ಒಂದು ಅಳತೆ. ಅಳತೆಯೇ ಆಗಲಿಲ್ಲ ಎಂಬುದು ಬೇರೆ ಮಾತು. ಮೊದಲನೆಯದನ್ನು ಸೊನ್ನೆಯಿಂದ ಬರೆಯುತ್ತೇವೆ. ಎರಡನೆಯದಕ್ಕೆ ದತ್ತಸಂಚಯದಲ್ಲಿ ‘ನಲ್’ ಎಂಬ ವಿಶೇಷ ಗುರುತಿದೆ. ಅದರ ಅರ್ಥ ‘ಗೊತ್ತಿಲ್ಲ’ ಎಂದು.

ಹತ್ತು ದಿನಗಳ ಕಾಲ್ಪನಿಕ ಅಂಕಿಗಳನ್ನು ನೋಡಿ: 40, 65, 0, 120, ಮುಂದಿನ ಮೂರು ದಿನ ಖಾಲಿ, ಅನಂತರ 85, 30, 20. ಒಟ್ಟು 360 ಮಿ.ಮೀ. ಖಾಲಿ ಇರುವಲ್ಲಿ ಸೊನ್ನೆ ತುಂಬಿದರೆ ದಿನದ ಸರಾಸರಿ 36. ‘ನಲ್’ ಆಗಿ ಬಿಟ್ಟರೆ ತಂತ್ರಾಂಶ ಆ ಮೂರು ದಿನಗಳನ್ನು ಕೈಬಿಟ್ಟು ಏಳರಿಂದ ಭಾಗಿಸುತ್ತದೆ. ಆಗ ಸರಾಸರಿ 51.4. ಎರಡರಲ್ಲಿ ಯಾವುದು ಸರಿ? ಮೊದಲನೆಯದು ಖಂಡಿತ ಸರಿಯಲ್ಲ. ಆದರೆ ಎರಡನೆಯದನ್ನೂ ಪೂರ್ತಿ ನಂಬುವಂತಿಲ್ಲ. ಮಾಪಕ ಕೈಕೊಡುವುದು ಸಾಮಾನ್ಯವಾಗಿ ಗಾಳಿ ಮಳೆ ಜೋರಾದಾಗಲೇ. ಬಿಟ್ಟುಹೋದ ದಿನಗಳೇ ಹೆಚ್ಚು ಮಳೆಯ ದಿನಗಳಾಗಿರಬಹುದು. ಇನ್ನು ಒಟ್ಟು ಮಳೆ ಎರಡು ರೀತಿಯಲ್ಲೂ 360 ಎಂದೇ ಬರುತ್ತದೆ, ಮೂರು ದಿನದ ಮಳೆ ಅದರಲ್ಲಿ ಇಲ್ಲ ಎಂಬ ಸುಳಿವನ್ನೂ ಕೊಡುವುದಿಲ್ಲ. ಆದ್ದರಿಂದ ಪ್ರಾಮಾಣಿಕ ವರದಿಯಲ್ಲಿ 360ರ ಪಕ್ಕದಲ್ಲಿ ‘10 ದಿನಗಳಲ್ಲಿ 7ರ ದಾಖಲೆ’ ಎಂದು ಇರಲೇಬೇಕು.

ಇಲ್ಲಿ ಇನ್ನೊಂದು ತೊಡಕಿದೆ. ಬಾರದ ಓದು ಎಷ್ಟೋ ಸಲ ಕೋಷ್ಟಕದಲ್ಲಿ ‘ನಲ್’ ಆಗಿಯೂ ಇರುವುದಿಲ್ಲ, ಅದರ ಅಡ್ಡಸಾಲೇ ಇರುವುದಿಲ್ಲ. ಇಲ್ಲದ್ದನ್ನು ಎಣಿಸುವುದು ಹೇಗೆ? ಶಿಕ್ಷಕರಿಗೆ ಇದು ಗೊತ್ತಿರುವ ಸಂಗತಿಯೇ. ತರಗತಿಯಲ್ಲಿ ಬಂದ ಮಕ್ಕಳನ್ನಷ್ಟೇ ನೋಡಿದರೆ ಗೈರುಹಾಜರಾದವರು ಯಾರೆಂದು ತಿಳಿಯುವುದಿಲ್ಲ. ಅದಕ್ಕೆ ಹಾಜರಿ ಪುಸ್ತಕ ಬೇಕು. ದಿನಗಳ ಪಂಚಾಂಗವೇ ನಮ್ಮ ಹಾಜರಿ ಪುಸ್ತಕ. ಅದನ್ನು ಎಡಗಡೆ ಇಟ್ಟು, ಓದುಗಳನ್ನು ಬಲಗಡೆ ಜೋಡಿಸಿದರೆ ಓದು ಇಲ್ಲದ ದಿನಗಳು ತಾವಾಗಿಯೇ ಖಾಲಿಯಾಗಿ ಕಾಣುತ್ತವೆ. ಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ‘ಲೆಫ್ಟ್ ಜಾಯಿನ್’ ಎನ್ನುತ್ತಾರೆ.

ಮೆಟಾಬೇಸ್‌ನ ರೇಖಾನಕ್ಷೆಯಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. ಇಲ್ಲದ ಬೆಲೆಯ ಜಾಗದಲ್ಲಿ ಸೊನ್ನೆ ತೋರಿಸಬೇಕೇ, ಏನೂ ತೋರಿಸಬಾರದೇ, ಅಕ್ಕಪಕ್ಕದ ಬಿಂದುಗಳನ್ನು ಗೆರೆಯಿಂದ ಸೇರಿಸಬೇಕೇ ಎಂಬ ಆಯ್ಕೆ ಅಲ್ಲಿದೆ. ಮಳೆಗೆ ಎರಡನೆಯದನ್ನೇ ಆರಿಸಿ. ಉಷ್ಣತೆ ನಿಧಾನವಾಗಿ ಏರಿಳಿಯುವ ಪರಿಮಾಣ, ನಡುವಿನ ಒಂದೆರಡು ಓದುಗಳನ್ನು ಊಹಿಸಬಹುದು. ಮಳೆ ಹಾಗಲ್ಲ.

ಸುಳ್ಳು ಸೊನ್ನೆಯೂ ಉಂಟು. ದೂರಸಂವೇದಿ ಮಾಪಕಗಳಲ್ಲಿ ಸಾಮಾನ್ಯವಾಗಿ ತಕ್ಕಡಿಯಂತೆ ಓಲಾಡುವ ಜೋಡಿ ಬಟ್ಟಲುಗಳಿರುತ್ತವೆ. ಒಂದು ಬಟ್ಟಲು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಆಗೊಂದು ವಿದ್ಯುತ್ ಸಂಕೇತ ಹೊರಡುತ್ತದೆ. ಮಾಪಕ ಈ ವಾಲುವಿಕೆಗಳನ್ನು ಎಣಿಸುತ್ತದೆ. ಆಲಿಕೆಯ ಬಾಯಿಗೆ ಒಂದು ಎಲೆ ಬಿದ್ದು ಅಡ್ಡವಾದರೆ ಬಟ್ಟಲು ವಾಲುವುದಿಲ್ಲ, ಉಪಕರಣ ಸೊನ್ನೆ, ಸೊನ್ನೆ ಎಂದು ಕಳಿಸುತ್ತಲೇ ಇರುತ್ತದೆ. ಸುತ್ತಲಿನ ಕೇಂದ್ರಗಳಲ್ಲಿ 80, 90 ಮಿ.ಮೀ. ಬಿದ್ದ ದಿನ ಒಂದರಲ್ಲಿ ಮಾತ್ರ ಸೊನ್ನೆ ಇದ್ದರೆ ಅದನ್ನು ಕೆಂಪು ಬಣ್ಣದಲ್ಲಿ ತೋರಿಸುವ ಪ್ರಶ್ನೆಯೊಂದನ್ನು ಡ್ಯಾಶ್‌ಬೋರ್ಡಿನಲ್ಲಿ ಇಡಿ. ಅದು ತೀರ್ಪಲ್ಲ, ‘ಹೋಗಿ ನೋಡಿ’ ಎಂಬ ಸೂಚನೆ.

ಸರಾಸರಿಯ ಬಲೆ

ಹೊನ್ನಾವರ ತಾಲ್ಲೂಕಿನ ಒಂದು ಕೊನೆಯಲ್ಲಿ ಕಡಲು, ಇನ್ನೊಂದು ಕೊನೆಯಲ್ಲಿ ಗೇರುಸೊಪ್ಪೆಯ ಕಡೆಯ ಘಟ್ಟ. ಅರಬ್ಬೀ ಸಮುದ್ರದಿಂದ ಬರುವ ತೇವಭರಿತ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಗಾಳಿ ಹಿಗ್ಗಿ ತಣಿಯುತ್ತದೆ, ಆವಿ ನೀರಾಗುತ್ತದೆ. ಒಂದೇ ದಿನ ಕರಾವಳಿಗೂ ಘಟ್ಟದ ಬುಡಕ್ಕೂ ಬಹಳ ವ್ಯತ್ಯಾಸವಿರಬಹುದು.

ಕರಾವಳಿಯ ಮೂರು ಮಾಪಕಗಳಲ್ಲಿ 20, 22, 24 ಮಿ.ಮೀ., ಘಟ್ಟದ ಬುಡದ ಒಂದರಲ್ಲಿ 118 ಮಿ.ಮೀ. ಎಂದು ಭಾವಿಸಿ. ನಾಲ್ಕರ ಸರಾಸರಿ 46. ಆದರೆ ತಾಲ್ಲೂಕಿನಲ್ಲಿ 46 ಮಿ.ಮೀ. ಮಳೆ ಕಂಡ ಮಾಪಕ ಒಂದೂ ಇಲ್ಲ! ಅಷ್ಟೇ ಅಲ್ಲ, ಘಟ್ಟದ ಮಾಪಕ ಒಂದೇ ಆದರೂ ಅದು ಅರ್ಧ ಪ್ರದೇಶವನ್ನು ಪ್ರತಿನಿಧಿಸುತ್ತದೆ ಎಂದಾದರೆ ಸರಾಸರಿ 22 ಮತ್ತು 118ರ ಮಧ್ಯದ 70 ಆಗಬೇಕು. ಪ್ರತಿ ಮಾಪಕಕ್ಕೂ ಅದಕ್ಕೆ ಹತ್ತಿರವಿರುವ ಪ್ರದೇಶದ ಅನುಪಾತದಲ್ಲಿ ತೂಕ ಕೊಡುವ ವಿಧಾನವನ್ನು ಆಲ್ಫ್ರೆಡ್ ಥೀಸೆನ್ 1911ರಲ್ಲಿಯೇ ತೋರಿಸಿದ್ದರು. ತಂತ್ರಾಂಶದ ‘ಸರಾಸರಿ’ ಗುಂಡಿಗೆ ಈ ತೂಕ ಗೊತ್ತಿಲ್ಲ. ಕೇಂದ್ರಗಳ ಕೋಷ್ಟಕದಲ್ಲಿ ಅದನ್ನು ನಾವೇ ಬರೆದಿಡಬೇಕು. ಸರಾಸರಿಯ ಜೊತೆಗೆ ಕನಿಷ್ಠ, ಗರಿಷ್ಠ ಬೆಲೆಗಳನ್ನೂ ಕೊಟ್ಟರೆ ಓದುಗರಿಗೆ ನಿಜಸ್ಥಿತಿ ತಿಳಿಯುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಶಾಲೆಯ ಬಯಲಿನಲ್ಲಿ ಮರ, ಮಾಡಿನ ನೆರಳಿಲ್ಲದ ಕಡೆ ನೇರ ಬದಿಯ, ಚಪ್ಪಟೆ ತಳದ ಡಬ್ಬಿಯೊಂದನ್ನು ಇಡಿ. ದಿನವೂ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು ಚೆಲ್ಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು ಎಂಬುದನ್ನು ಮಕ್ಕಳೇ ಲೆಕ್ಕಹಾಕಲಿ. ಭಾನುವಾರ ಯಾರೂ ಅಳೆಯದಿದ್ದರೆ ಆ ಮನೆ ಖಾಲಿ ಇರಲಿ. ಸೋಮವಾರದ ನೀರು ಎರಡು ದಿನದ್ದು ಎಂದು ಪಕ್ಕದಲ್ಲಿ ಬರೆಯಲಿ.

ತಿಂಗಳ ಕೊನೆಯಲ್ಲಿ ಅದೇ ಅಂಕಿಗಳಿಂದ ಎರಡು ಗುಂಪುಗಳು ಬೇರೆ ಬೇರೆಯಾಗಿ ವರದಿ ತಯಾರಿಸಲಿ. ಉತ್ತರಗಳು ಹೊಂದದಿದ್ದರೆ ಯಾರದು ತಪ್ಪು ಎಂದು ಕೇಳುವ ಮೊದಲು ದಿನವನ್ನು ಯಾರು ಹೇಗೆ ಎಣಿಸಿದರು, ಖಾಲಿ ಮನೆಗೆ ಏನು ಮಾಡಿದರು ಎಂದು ಕೇಳಿ. ಭೌತವಿಜ್ಞಾನದಲ್ಲಿ ದೋಷದ ಪ್ರಮಾಣ ಹೇಳದ ಅಳತೆಯನ್ನು ನಾವು ಒಪ್ಪುವುದಿಲ್ಲ. ವರದಿಗೂ ಅದೇ ನಿಯಮ. ಪರದೆಯ ಮೇಲಿನ ಸಂಖ್ಯೆ ಎಷ್ಟು ಓದುಗಳಿಂದ ಬಂತು, ಎಷ್ಟು ಬರಲಿಲ್ಲ ಎಂಬುದನ್ನು ಅದರ ಪಕ್ಕದಲ್ಲಿಯೇ ಬರೆಯಬೇಕು. ಆ ಒಂದು ಕಂಬಸಾಲು ಇದ್ದರೆ ತೋಟ ಕಳೆದುಕೊಂಡ ಬೆಳೆಗಾರನೂ ‘ಆ ಮೂರು ದಿನ ನಿಮ್ಮ ಮಾಪಕ ಎಲ್ಲಿತ್ತು?’ ಎಂದು ಆಧಾರ ಸಹಿತ ಕೇಳಬಹುದು.