ಬಿಟ್ಟವನೋ, ನಿರ್ಗಮಿಸಿದವನೋ?

ದಲಿತ ವಿಮರ್ಶೆ ಅಂದಕೂಡಲೇ ಕವಿತೆ, ಕತೆ, ಆತ್ಮಕಥನಗಳನ್ನೇ ಮುಂದಿಟ್ಟುಕೊಂಡು ಕೂರುತ್ತೇವೆ. ಸರ್ಕಾರದ ಸುತ್ತೋಲೆಯೂ ಒಂದು ಪಠ್ಯವೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನಾನು ಹಾಗೆ ಓದತೊಡಗಿದ್ದು ತರಗತಿಯೊಳಗೆ.

ಪದವಿ ಹಂತದಲ್ಲಿ ಇದನ್ನು ಮೊದಲು ಜಾರಿಗೆ ತಂದ ರಾಜ್ಯ ನಮ್ಮದು, 2021-22ರಲ್ಲಿ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಗಳಿಸಿದ ಕ್ರೆಡಿಟ್ಟು 'ಬ್ಯಾಂಕಿ'ನಲ್ಲಿರುತ್ತದೆ, ಮತ್ತೆ ಬಂದು ಮುಂದುವರಿಸಬಹುದು. ಕೇಳೋಕೆ ಚೆನ್ನಾಗೇ ಇದೆ.

ನನ್ನ ತರಗತಿಯ ಹುಡುಗನೊಬ್ಬ ಎರಡನೇ ಸೆಮಿಸ್ಟರ್ ಮುಗಿಸಿ ಗಾರೆ ಕೆಲಸಕ್ಕೆ ಹೊರಟ. ಅಪ್ಪ ಹಾಸಿಗೆ ಹಿಡಿದಿದ್ದರು. ಸರ್ಟಿಫಿಕೇಟಿನ ವಿಚಾರ ಹೇಳಿದೆ. "ಅದನ್ನ ತೋರ್ಸಿದ್ರೆ ಮೇಸ್ತ್ರಿ ಕೂಲಿ ಜಾಸ್ತಿ ಕೊಡ್ತಾನಾ ಸಾ?" ಅಂದ. ನನ್ನಲ್ಲಿ ಉತ್ತರವಿರಲಿಲ್ಲ. 2022ರ ಡಿಸೆಂಬರಿನ ಯುಜಿಸಿ ಚೌಕಟ್ಟನ್ನು ನೋಡಿ: 40 ಕ್ರೆಡಿಟ್ ಗಳಿಸಿದರಷ್ಟೇ ಸಾಲದು, ಬೇಸಿಗೆ ರಜೆಯಲ್ಲಿ 4 ಕ್ರೆಡಿಟ್ಟಿನ ವೃತ್ತಿ ಕೋರ್ಸನ್ನೂ ಮುಗಿಸಿದರೆ ಮಾತ್ರ ಆ ಸರ್ಟಿಫಿಕೇಟು. ಮರಳುವುದಾದರೆ ಮೂರು ವರ್ಷದೊಳಗೆ. ರಜೆಯಲ್ಲಿ ದುಡಿಯದಿದ್ದರೆ ಒಲೆ ಉರಿಯದ ಮನೆಯವನು ಕಾಲೇಜು ಬಿಡೋದಕ್ಕೂ ಪುರುಸೊತ್ತು ಮಾಡಿಕೊಳ್ಳಬೇಕು!

ಹಳೆಯ ಪದ್ಧತಿಯಲ್ಲೂ ಇವನು ಬಿಡುತ್ತಿದ್ದ, ಬರಿಗೈಲಿ, ಅದನ್ನು ಮರೆಯಬಾರದು. ಆದರೆ ಆಗ ಅವನನ್ನು 'ಓದು ಬಿಟ್ಟವನು' ಅನ್ನುತ್ತಿದ್ದೆವು. ಆ ಮಾತಿನಲ್ಲಿ ವ್ಯವಸ್ಥೆಯ ಸೋಲೂ ಇತ್ತು, ಯಾಕೆ ಬಿಟ್ಟ ಅಂತ ಯಾರಾದರೂ ಕೇಳಬೇಕಿತ್ತು. ಈಗ ಅವನು 'ನಿರ್ಗಮಿಸಿದವನು', ಆಯ್ಕೆ ಮಾಡಿಕೊಂಡವನು. ಜಾತಿಯ ಗತಿಯೂ ಇದೇ. ದಲಿತರು, ಆದಿವಾಸಿಗಳು, ಹಿಂದುಳಿದವರು, ಅಲ್ಪಸಂಖ್ಯಾತರು, ಹೆಣ್ಣುಮಕ್ಕಳು ಎಲ್ಲರನ್ನೂ 'ಸಾಮಾಜಿಕ-ಆರ್ಥಿಕವಾಗಿ ಅನನುಕೂಲಕ್ಕೊಳಗಾದ ಗುಂಪುಗಳು' ಎಂಬ ಒಂದೇ ಚೀಲಕ್ಕೆ ತುಂಬಲಾಗಿದೆ. ಅನನುಕೂಲ ಮಾಡಿದವರು ಯಾರು? ವಾಕ್ಯದಲ್ಲಿ ಕರ್ತೃಪದವೇ ಇಲ್ಲ.

ಅಂಬೇಡ್ಕರ್ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ, ದುಡಿಯುವ ಹುಡುಗರು ಓದಲೆಂದು ಬೆಳಗಿನ ಹೊತ್ತೇ ತರಗತಿ ಇಟ್ಟರು. ಅಲ್ಲಿ ಜರುಗಿದ್ದು ವೇಳಾಪಟ್ಟಿ, ಹುಡುಗನಲ್ಲ.

2024-25ರಿಂದ ರಾಜ್ಯ ಮೂರು ವರ್ಷದ ಪದವಿಗೆ ಮರಳಿದೆ. ಸುಖದೇವ ಥೋರಟ್ ಆಯೋಗ 2025ರ ಆಗಸ್ಟಿನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿದೆ. ಅಷ್ಟರಲ್ಲಿ ಆ ಹುಡುಗ ಸಂತೆಯಲ್ಲಿ ಸಿಕ್ಕಿದ್ದ. "ನನ್ ಕ್ರೆಡಿಟ್ ಇನ್ನೂ ಐತಾ ಸಾ?" ಅಂತ ಕೇಳಿದ. ಮರಳಿ ಬಂದರೆ ಯಾವ ಸಿಲಬಸ್ಸಿಗೆ ಸೇರಿಸೋದು ಅಂತ ಕಚೇರಿಯಲ್ಲಿ ವಿಚಾರಿಸಿದೆ. ಸುತ್ತೋಲೆ ಬರಲಿ, ನೋಡೋಣ ಅಂದರು.